ಮಿನುಗುವುದೆಲ್ಲ ಜೀವಂತವೇ?

ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುವ ಒಬ್ಬ ಯಜಮಾನರು ಇತ್ತೀಚೆಗೆ ಮಗನನ್ನು ಕರೆದುಕೊಂಡು ಬಳ್ಳಾರಿಯ ನನ್ನ ದವಾಖಾನೆಗೆ ಬಂದಿದ್ದರು. ಎರಡು ತಿಂಗಳ ಹಿಂದೆ ಅವರಿಗೆ ಶ್ವಾಸಕೋಶದ ಕ್ಷಯ ಇದೆಯೆಂದು ಗೊತ್ತಾಗಿ ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ಶುರುವಾಗಿತ್ತು. ಸಂಜೆ ಬರುತ್ತಿದ್ದ ಜ್ವರ ನಿಂತಿತ್ತು, ಕೆಮ್ಮು ಇಳಿದಿತ್ತು, ಮೈಯಲ್ಲಿ ಸ್ವಲ್ಪ ಕಸುವು ಬಂದಿತ್ತು. ಆದರೂ ಅವರ ಮುಖದಲ್ಲಿ ಕಳೆ ಇರಲಿಲ್ಲ. ಕಫ ಪರೀಕ್ಷೆಯ ಚೀಟಿಯನ್ನು ಮೇಜಿನ ಮೇಲಿಟ್ಟು ಕೇಳಿದರು.

“ಡಾಕ್ಟ್ರೇ, ಎರಡು ತಿಂಗಳು ಒಂದು ದಿನಾನೂ ತಪ್ಪಿಸದಂಗ ಗುಳಿಗಿ ನುಂಗೀನ್ರೀ. ಆದ್ರೂ ಕಫದಾಗ ಹುಳ ಮಿಂಚಾಕ ಹತ್ಯಾವಂತ. ಹಂಗಾದ್ರ ಈ ಗುಳಿಗಿ ನನಗ ನಾಟಲಿಲ್ಲೇನ್ರೀ? ಬಿಟ್ಟು ಬ್ಯಾರೆ ಕಡೆ ತೋರಿಸಬೇಕಂತ ಮನ್ಯಾಗ ಅಂತಾರ.”

“ಯಜಮಾನ್ರೇ, ಮಿಂಚಿದ್ದೆಲ್ಲ ಬದುಕಿರೋದಲ್ಲ. ಸತ್ತ ಹುಳಾನೂ ಮಿಂಚುತ್ತೆ. ಗುಳಿಗಿ ಮಾತ್ರ ಬಿಡಬ್ಯಾಡ್ರಿ” ಎಂದೆ.

ಪಕ್ಕದಲ್ಲಿದ್ದ ಮಗ ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುವ ಹುಡುಗ. ಅವನು ಅಷ್ಟಕ್ಕೇ ಬಿಡಲಿಲ್ಲ. “ಸಾರ್, ಹಾಗಾದ್ರೆ ಬದುಕಿರೋದು ಮಾತ್ರ ಮಿಂಚೋ ಹಾಗೆ ಮಾಡೋಕೆ ಬರೋದಿಲ್ವಾ?” ಎಂದು ಕೇಳಿದ.

ಒಳ್ಳೆಯ ಪ್ರಶ್ನೆ. ಜೀವಂತ ಕೋಶದೊಳಗೆ ಕೆಲಸದಲ್ಲಿ ತೊಡಗಿರುವ ಒಂದೇ ಒಂದು ಪ್ರೋಟೀನನ್ನು, ಕೋಶಕ್ಕೆ ನೋವಾಗದಂತೆ, ಬೆಳಗಿಸಿ ನೋಡುವುದು ಹೇಗೆ ಎಂಬುದರ ಮೇಲೆ ವಿಜ್ಞಾನಿಗಳು ಹಲವು ದಶಕಗಳಿಂದ ದುಡಿದಿದ್ದಾರೆ. ಆ ಹುಡುಗನಿಗೆ ಅಂದು ಚುಟುಕಾಗಿ ಹೇಳಿದ್ದನ್ನು ಇಂದು ಓದುಗರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಯಾರಿಗಾದರೂ ಕ್ಷಯದ ಚಿಕಿತ್ಸೆ ನಡೆಯುತ್ತಿದ್ದರೆ ಕೊನೆಯವರೆಗೂ ಓದಿ.

ಗಾಜಿನ ಮೇಲಿನ ಮಿನುಗು

ಮೊದಲು ಆ ಚೀಟಿಯ ಸಂಗತಿ. ಕಫವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಬಳಿದು, ಒಣಗಿಸಿ, ಕಾಯಿಸಿ, ಆರಮೈನ್ ಎಂಬ ಬಣ್ಣ ಹಾಕುತ್ತಾರೆ. ಕ್ಷಯದ ರೋಗಾಣುವಿನ ಹೊರಗೋಡೆಯಲ್ಲಿ ಮೇಣದಂಥ ಪದಾರ್ಥ ಇದೆ. ಆರಮೈನ್ ಅದಕ್ಕೆ ಅಂಟಿಕೊಂಡರೆ ಆಮ್ಲದಲ್ಲಿ ತೊಳೆದರೂ ಬಿಡುವುದಿಲ್ಲ. ಅನಂತರ ನೀಲಿ ಬೆಳಕು ಬೀರುವ ಎಲ್.ಇ.ಡಿ. ದೀಪದ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಹಿನ್ನೆಲೆಯಲ್ಲಿ ಹಳದಿ-ಹಸಿರು ಕಡ್ಡಿಗಳು ಮಿನುಗುತ್ತವೆ. ಹಳೆಯ ಕೆಂಪು ಬಣ್ಣದ ಪರೀಕ್ಷೆಗಿಂತ ಇದರಲ್ಲಿ ರೋಗಾಣುವನ್ನು ಹುಡುಕುವುದು ಸುಲಭ, ಬೇಗ.

ಒಂದು ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಹೊರಬಿಡುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇದು ನಿಮಗೆ ಹೊಸದಲ್ಲ. ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ನೀವು ಕೊಟ್ಟ 500 ರೂಪಾಯಿ ನೋಟನ್ನು ಸಾಹುಕಾರರು ನೇರಳೆ ದೀಪದ ಕೆಳಗೆ ಹಿಡಿಯುತ್ತಾರಲ್ಲ, ಆಗ ನೋಟಿನೊಳಗಿನ ಸಣ್ಣ ಎಳೆಗಳು ಫಳಫಳ ಹೊಳೆಯುತ್ತವೆ. ಅದೇ ಪ್ರತಿದೀಪ್ತಿ. ಮಿಂಚುಹುಳದ ಬೆಳಕು ಬೇರೆ. ಅದು ತನ್ನ ಮೈಯೊಳಗಿನ ರಾಸಾಯನಿಕ ಕ್ರಿಯೆಯಿಂದ ತಾನೇ ಬೆಳಕು ಮಾಡಿಕೊಳ್ಳುತ್ತದೆ. ನೋಟಿನ ಎಳೆಗೆ ಹೊರಗಿನ ದೀಪ ಬೇಕು, ಜೀವ ಬೇಕಿಲ್ಲ.

ಕಫದ ಗಾಜಿನ ಮೇಲೂ ಇದೇ ನಡೆಯುತ್ತದೆ. ಆರಮೈನ್ ಅಂಟುವುದು ರೋಗಾಣುವಿನ ಗೋಡೆಗೆ. ಮನೆಯವರೆಲ್ಲ ಹೋದ ಮೇಲೂ ಮನೆಯ ಗೋಡೆ ನಿಂತಿರುವಂತೆ, ರೋಗಾಣು ಸತ್ತ ಮೇಲೂ ಅದರ ಗೋಡೆ ಕೆಲಕಾಲ ಉಳಿದಿರುತ್ತದೆ, ಬಣ್ಣ ಅದಕ್ಕೂ ಅಂಟುತ್ತದೆ. ಅಷ್ಟೇ ಅಲ್ಲ, ಬಣ್ಣ ಹಾಕುವ ಮೊದಲೇ ಗಾಜನ್ನು ಕಾಯಿಸಿರುವುದರಿಂದ ನಾವು ಏನು ನೋಡಿದರೂ ಹೆಣವನ್ನೇ ನೋಡುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಇಲ್ಲಿ ಮಿನುಗುವುದೆಲ್ಲ ಜೀವಂತವಲ್ಲ ಎಂದು ಓದಿಕೊಳ್ಳಬೇಕು.

ಬದುಕಿದ್ದರೆ ಏನು ಮಾಡುತ್ತದೆ?

ಹಾಗಾದರೆ ಜೀವಂತ ಎಂಬುದರ ಗುರುತೇನು? ಬದುಕಿರುವ ಕೋಶ ಸುಮ್ಮನೆ ಕೂರುವುದಿಲ್ಲ. ಅದು ಸದಾ ಪ್ರೋಟೀನು ತಯಾರಿಸುತ್ತಿರುತ್ತದೆ. ಪ್ರೋಟೀನು ಎಂದರೆ ಬೇಳೆ-ಮೊಟ್ಟೆಯ ಸತ್ವ ಎಂದಷ್ಟೇ ತಿಳಿಯಬೇಡಿ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್, ಅನ್ನ ಅರಗಿಸುವ ಕಿಣ್ವಗಳು, ಎಲ್ಲವೂ ಪ್ರೋಟೀನುಗಳೇ.

ಪ್ರೋಟೀನನ್ನು ಒಂದು ಮಣಿಸರ ಎಂದುಕೊಳ್ಳಿ. ಅದರ ಒಂದೊಂದು ಮಣಿಯೂ ಒಂದು ಅಮೈನೋ ಆಮ್ಲ. ಜೀವಿಗಳು ಸಾಮಾನ್ಯವಾಗಿ ಬಳಸುವುದು 20 ಬಗೆಯ ಮಣಿಗಳನ್ನು. ಇನ್ಸುಲಿನ್ 51 ಮಣಿಗಳ ಚಿಕ್ಕ ಸರ. ಯಾವ ಮಣಿಯ ನಂತರ ಯಾವ ಮಣಿ ಎಂಬ ಲೆಕ್ಕ ಡಿ.ಎನ್.ಎ.ಯಲ್ಲಿ ಬರೆದಿರುತ್ತದೆ. ಆ ಬರಹದಲ್ಲಿ ನಾಲ್ಕೇ ಅಕ್ಷರ, ಮೂರಕ್ಷರಕ್ಕೆ ಒಂದು ಪದ. ಒಟ್ಟು 64 ಪದಗಳು. ಇವುಗಳಲ್ಲಿ 61 ಪದಗಳು ಒಂದೊಂದು ಮಣಿಯನ್ನು ಸೂಚಿಸುತ್ತವೆ. ಉಳಿದ 3 ಪದಗಳ ಅರ್ಥ “ಸಾಕು, ಸರ ಇಲ್ಲಿಗೆ ಮುಗಿಯಿತು” ಎಂದು. ಈ ಸಂಕೇತವನ್ನು ಬಿಡಿಸಿದ ಸಾಧನೆಗಾಗಿ ಭಾರತದಲ್ಲಿ ಹುಟ್ಟಿ ಬೆಳೆದ ಹರ್‌ಗೋವಿಂದ್ ಖೊರಾನಾ ಅವರಿಗೆ 1968ರಲ್ಲಿ ನಿರೆನ್‌ಬರ್ಗ್ ಮತ್ತು ಹಾಲಿ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು.

ಸರ ಪೋಣಿಸುವ ಜಾಗಕ್ಕೆ ರೈಬೋಸೋಮ್ ಎಂದು ಹೆಸರು. ಅಲ್ಲಿಗೆ ಮಣಿಗಳನ್ನು ಹೊತ್ತು ತರುವ ಹಮಾಲಿಗಳಿದ್ದಾರೆ, ಅವುಗಳಿಗೆ ಸಾಗಣೆ ಆರ್.ಎನ್.ಎ. ಎನ್ನುತ್ತಾರೆ. ಯಾವ ಹಮಾಲಿಯ ತಲೆಯ ಮೇಲೆ ಯಾವ ಮಣಿ ಹೊರಿಸಬೇಕೆಂದು ನೋಡಿಕೊಳ್ಳುವ ಮೇಸ್ತ್ರಿಗಳೂ ಇದ್ದಾರೆ, ಅವು ಒಂದು ಬಗೆಯ ಕಿಣ್ವಗಳು. ಈ ಹಮಾಲಿ ಮತ್ತು ಮೇಸ್ತ್ರಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತಾರೆ.

ಜಾತ್ರೆಯಲ್ಲಿ ಮಗುವನ್ನು ಹುಡುಕಿದಂತೆ

ಒಂದು ಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ಗಿಜಿಗುಟ್ಟುತ್ತವೆ. ಅವುಗಳಲ್ಲಿ ಒಂದನ್ನು ಗುರುತಿಸುವುದೆಂದರೆ ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಗುಡ್ಡದ ಮೇಲೆ ನಿಂತು ಹುಡುಕಿದಂತೆ. ಮಗುವಿನ ಕೈಗೆ ಒಂದು ದೀಪ ಕೊಟ್ಟು ಕಳಿಸಿದ್ದರೆ ಸುಲಭವಾಗಿ ಕಾಣುತ್ತಿತ್ತು.

ವಿಜ್ಞಾನಿಗಳು ಮಾಡಿದ್ದೂ ಅದನ್ನೇ. 1962ರಲ್ಲಿ ಜಪಾನಿನ ಶಿಮೊಮುರಾ ಅವರು ಒಂದು ಜಾತಿಯ ಜೆಲ್ಲಿಮೀನಿನಿಂದ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಬೇರ್ಪಡಿಸಿದರು. 1994ರಲ್ಲಿ ಅಮೆರಿಕದ ಚಾಲ್ಫಿ ಅವರ ತಂಡ ಆ ಪ್ರೋಟೀನಿನ ವಂಶವಾಹಿಯನ್ನು ಬ್ಯಾಕ್ಟೀರಿಯಾಕ್ಕೂ ಒಂದು ಸಣ್ಣ ಹುಳಕ್ಕೂ ಸೇರಿಸಿ ಅವು ಜೀವಂತವಾಗಿರುವಾಗಲೇ ಹಸಿರಾಗಿ ಮಿನುಗುವಂತೆ ಮಾಡಿತು. ಮುಂದೆ ತ್ಸಿಯೆನ್ ಅವರು ಇದಕ್ಕೆ ಬೇರೆ ಬೇರೆ ಬಣ್ಣಗಳನ್ನು ತಂದರು. ಈ ಮೂವರಿಗೂ 2008ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಆದರೆ ಒಂದು ತೊಡಕು ಉಳಿಯಿತು. ಈ ಹಸಿರು ದೀಪವೇ 238 ಮಣಿಗಳ ದೊಡ್ಡ ಸರ. 51 ಮಣಿಗಳ ಇನ್ಸುಲಿನ್ನಿಗೆ ಇದನ್ನು ಕಟ್ಟಿದರೆ ಮಗುವಿನ ಕೈಗೆ ಪೆಟ್ರೋಮ್ಯಾಕ್ಸ್ ಕೊಟ್ಟು ಓಡು ಎಂದಂತೆ. ಮಗು ಕಾಣುವುದೇನೋ ನಿಜ, ಆದರೆ ಅದರ ನಡಿಗೆ ಮೊದಲಿನಂತೆ ಇರುವುದಿಲ್ಲ. ದೀಪದ ಭಾರಕ್ಕೇ ಪ್ರೋಟೀನಿನ ನಡತೆ ಬದಲಾದರೆ ನಾವು ನೋಡುತ್ತಿರುವುದು ಸಹಜವೋ ಅಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಗುರುತು ಹಗುರವಾಗಿರಬೇಕು. ಅಂಗಿಯ ಗುಂಡಿಗಳಲ್ಲಿ ಒಂದನ್ನು ತೆಗೆದು ಆ ಜಾಗಕ್ಕೆ ಅಷ್ಟೇ ಗಾತ್ರದ ಹೊಳೆಯುವ ಗುಂಡಿ ಹೊಲಿದರೆ ಹೇಗೆ? ಅಂದರೆ, ಸರದ ಒಂದೇ ಒಂದು ಮಣಿ ಹೊಳೆಯುವಂತಿದ್ದರೆ?

ಇಪ್ಪತ್ತೊಂದನೆಯ ಮಣಿ

ಪ್ರಕೃತಿಯ 20 ಮಣಿಗಳಲ್ಲಿ ಒಂದೆರಡಕ್ಕೆ ಮಂದವಾದ ಹೊಳಪು ಇದೆ. ಆದರೆ ಅವು ಎಲ್ಲ ಪ್ರೋಟೀನುಗಳಲ್ಲೂ ಇರುವುದರಿಂದ ಗುರುತಿಗೆ ಬಾರವು. ಹೊರಗಿನಿಂದ ಹೊಸ ಮಣಿ ಕೊಡಬೇಕು, ಅದೂ ಬೇಕಾದ ಪ್ರೋಟೀನಿನ ಬೇಕಾದ ಜಾಗದಲ್ಲಿ ಮಾತ್ರ ಕೂರಬೇಕು. ಹೀಗೆ 20ರ ಪಟ್ಟಿಯಲ್ಲಿಲ್ಲದ ಮಣಿಗಳನ್ನು ಪಟ್ಟಿಯಾಚೆಯ ಅಮೈನೋ ಆಮ್ಲಗಳು ಎನ್ನೋಣ.

64 ಪದಗಳೂ ಕೆಲಸದಲ್ಲಿರುವಾಗ ಹೊಸ ಮಣಿಗೆ ಪದ ಎಲ್ಲಿಂದ ತರುವುದು? ಇಲ್ಲಿ “ಸಾಕು” ಎನ್ನುವ ಮೂರು ಪದಗಳು ನೆರವಿಗೆ ಬಂದವು. ಅವುಗಳಲ್ಲಿ ಒಂದರ ಅಡ್ಡಹೆಸರು ಆಂಬರ್. ಈ ಸಂಶೋಧನೆಯಲ್ಲಿ ಕೈಜೋಡಿಸಿದ್ದ ಬರ್ನ್‌ಸ್ಟೈನ್ ಎಂಬ ವಿದ್ಯಾರ್ಥಿಯ ಹೆಸರಿಗೆ ಜರ್ಮನ್ ಭಾಷೆಯಲ್ಲಿ ಆಂಬರ್ ಎಂಬ ಅರ್ಥವಿದ್ದುದರಿಂದ ಆ ಹೆಸರು ನಿಂತಿತು. ಬ್ಯಾಕ್ಟೀರಿಯಾಗಳಲ್ಲಿ ಆಂಬರ್ ಪದದ ಬಳಕೆ ಬಹಳ ಕಡಿಮೆ. ಬಿಡುವಾಗಿರುವ ಈ ಪದಕ್ಕೆ ಹೊಸ ಅರ್ಥ ಕೊಟ್ಟರಾಯಿತು.

ಅದಕ್ಕೆ ಎರಡು ಏರ್ಪಾಡು ಬೇಕು. ಆಂಬರ್ ಪದ ಬಂದಾಗ ಮುಂದೆ ಬರುವ ಒಬ್ಬ ಹೊಸ ಹಮಾಲಿ, ಅವನ ತಲೆಯ ಮೇಲೆ ಹೊಸ ಮಣಿಯನ್ನೇ ಹೊರಿಸುವ ಒಬ್ಬ ಹೊಸ ಮೇಸ್ತ್ರಿ. ಇವರಿಬ್ಬರೂ ಊರಿನ ಹಳೆಯ ಹಮಾಲಿ-ಮೇಸ್ತ್ರಿಗಳ ತಂಟೆಗೆ ಹೋಗಬಾರದು, ಅವರೂ ಇವರ ಕೆಲಸಕ್ಕೆ ಕೈಹಾಕಬಾರದು. 2001ರಲ್ಲಿ ಅಮೆರಿಕದ ಪೀಟರ್ ಶುಲ್ಜ್ ಅವರ ತಂಡ ನಮ್ಮ ಕರುಳಲ್ಲೂ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಇದನ್ನು ಸಾಧಿಸಿತು. 2006ರಲ್ಲಿ ಅದೇ ತಂಡ ಕೂಮರಿನ್ ಎಂಬ ಹೊಳೆಯುವ ಪದಾರ್ಥವನ್ನೊಳಗೊಂಡ ಮಣಿಯನ್ನು ಜೀವಂತ ಬ್ಯಾಕ್ಟೀರಿಯಾದ ಪ್ರೋಟೀನಿನಲ್ಲಿ ಪೋಣಿಸಿತು. 238 ಮಣಿಗಳ ದೀಪದ ಬದಲು ಒಂದೇ ಮಣಿಯ ದೀಪ!

ಪ್ರಕೃತಿ ಈ ಜಾಣತನವನ್ನು ನಮಗಿಂತ ಮೊದಲೇ ಮಾಡಿತ್ತು ಎಂಬುದು 2002ರಲ್ಲಿ ತಿಳಿಯಿತು. ಮೀಥೇನ್ ಅನಿಲ ಹೊರಬಿಡುವ ಕೆಲವು ಸೂಕ್ಷ್ಮಜೀವಿಗಳು ಇದೇ ಆಂಬರ್ ಪದವನ್ನು ಓದಿ ಪಿರೋಲೈಸಿನ್ ಎಂಬ ಇಪ್ಪತ್ತೆರಡನೆಯ ಮಣಿಯನ್ನು ಪೋಣಿಸುತ್ತವೆ. ಇಪ್ಪತ್ತೊಂದನೆಯದಾದ ಸೆಲೆನೋಸಿಸ್ಟೀನ್ ನಮ್ಮ ನಿಮ್ಮ ದೇಹದ ಕೆಲವು ಪ್ರೋಟೀನುಗಳಲ್ಲೂ ಇದೆ. ಆ ಮೀಥೇನ್ ಜೀವಿಗಳ ಹಮಾಲಿ-ಮೇಸ್ತ್ರಿ ಜೋಡಿಯನ್ನೇ ಎರವಲು ತಂದು ಇಂದು ಪ್ರಯೋಗಾಲಯಗಳಲ್ಲಿ ಮನುಷ್ಯರ ಕೋಶಗಳಲ್ಲೂ ಬಳಸುತ್ತಾರೆ.

ಇನ್ನೊಂದು ದಾರಿಯೂ ಇದೆ. ಮಣಿ ತಾನೇ ಹೊಳೆಯಬೇಕಿಲ್ಲ, ಅದಕ್ಕೊಂದು ಸಣ್ಣ ಕೊಂಡಿ ಇದ್ದರೆ ಸಾಕು. ಸರಕ್ಕೆ ಸೇರಿದ ಮೇಲೆ ಆ ಕೊಂಡಿಗೆ ಹೊಳೆಯುವ ಬಣ್ಣವನ್ನು ಟಿಚ್ ಬಟನ್ ಒತ್ತಿದಂತೆ ಕೂಡಿಸಬಹುದು. ಕೋಶದೊಳಗಿನ ಬೇರೆ ಯಾವುದನ್ನೂ ಮುಟ್ಟದೆ ಇಂಥ ಬಟನ್ ಒತ್ತುವ ರಸಾಯನಶಾಸ್ತ್ರಕ್ಕಾಗಿ 2022ರಲ್ಲಿ ಕ್ಯಾರೊಲಿನ್ ಬರ್ಟೋಝಿ ಅವರು ಮೆಲ್ದಾಲ್ ಮತ್ತು ಶಾರ್ಪ್‌ಲೆಸ್ ಅವರೊಂದಿಗೆ ನೊಬೆಲ್ ಪಡೆದರು. ಮಿಥಿಯೋನಿನ್ ಎಂಬ ಸಹಜ ಮಣಿಯನ್ನೇ ಹೋಲುವ, ಆದರೆ ಕೊಂಡಿಯಿರುವ ಒಂದು ಮಣಿಯನ್ನು ಕೋಶಕ್ಕೆ ಉಣಿಸಿದರೆ ಕೋಶ ಮೋಸಹೋಗಿ ಅದನ್ನು ಪೋಣಿಸಿಬಿಡುತ್ತದೆ. ಆಗ ಉಣಿಸಿದ ಮೇಲೆ ಹೊಸದಾಗಿ ಹುಟ್ಟಿದ ಪ್ರೋಟೀನುಗಳಿಗೆ ಮಾತ್ರ ಗುರುತು ಬೀಳುತ್ತದೆ. 2006ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯವರು ಇದನ್ನು ತೋರಿಸಿಕೊಟ್ಟರು.

ಸಿರುಗುಪ್ಪದ ಹುಡುಗನ ಪ್ರಶ್ನೆಗೆ ತಾತ್ವಿಕ ಉತ್ತರ ಇಲ್ಲಿದೆ. ಸತ್ತ ಕೋಶ ಸರ ಪೋಣಿಸಲಾರದು. ಪೋಣಿಸಿ ಹೊಳೆದರೆ ಅದು ಬದುಕಿದೆ ಎಂದೇ ಅರ್ಥ.

ಬೆಂಗಳೂರಿನಲ್ಲಿ, ನಮ್ಮ ಹಿತ್ತಲಲ್ಲಿ

ಇದೆಲ್ಲ ದೂರದ ಅಮೆರಿಕದ ಮಾತು ಎಂದುಕೊಳ್ಳಬೇಡಿ. ಜೀವಂತ ಕೋಶದ ಪ್ರೋಟೀನುಗಳಿಗೆ ಹೊಳೆಯುವ ಗುರುತು ಹಾಕಿ ನೋಡುವ ಕೆಲಸದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಕ್ಕೆ ಹೆಸರಿದೆ. ಅಲ್ಲಿನ ಸತ್ಯಜಿತ್ ಮೇಯರ್ ಮತ್ತು ರಜತ್ ವರ್ಮ ಅವರು 1998ರಲ್ಲಿ, ಕೋಶದ ಹೊರಪೊರೆಯ ಮೇಲಿನ ಒಂದು ಬಗೆಯ ಪ್ರೋಟೀನುಗಳು ಚೆಲ್ಲಾಪಿಲ್ಲಿಯಾಗಿರದೆ ಪುಟ್ಟ ಪುಟ್ಟ ಗುಂಪುಗಳಾಗಿ ಇರುತ್ತವೆ ಎಂದು ತೋರಿಸಿದರು. ಅವರು ಬಳಸಿದ್ದು ಹೊಸ ಮಣಿಯನ್ನಲ್ಲ. ಗರ್ಭಿಣಿಯರಿಗೆ ಕೊಡುವ ಫೋಲಿಕ್ ಆಮ್ಲವಿದೆಯಲ್ಲ, ಅದರ ರೂಪಕ್ಕೆ ಹೊಳೆಯುವ ಬಣ್ಣ ಕಟ್ಟಿ, ಫೋಲಿಕ್ ಆಮ್ಲವನ್ನು ಹಿಡಿದುಕೊಳ್ಳುವ ಪ್ರೋಟೀನನ್ನು ಗುರುತಿಸಿದ್ದರು.

20ರ ಪಟ್ಟಿಯಾಚೆಯ ಅಮೈನೋ ಆಮ್ಲಗಳೂ ನಮಗೆ ಅಪರಿಚಿತವಲ್ಲ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿರುವ ಲೆವೊಡೋಪ ಅಂಥದ್ದೇ. ಪಾರ್ಕಿನ್ಸನ್ ಕಾಯಿಲೆಯ ನಡುಕಕ್ಕೆ ಅದೇ ಇಂದಿಗೂ ಮುಖ್ಯ ಔಷಧ (ಹಾಗೆಂದು ಬೀಜ ಅರೆದು ಕುಡಿಯಬೇಡಿ, ಅದರ ಪ್ರಮಾಣ ವೈದ್ಯರ ಲೆಕ್ಕದಲ್ಲೇ ಇರಬೇಕು). ತೊಗರಿ ಬೇಳೆಗೆ ಕಲಬೆರಕೆಯಾಗುತ್ತಿದ್ದ ಕೇಸರಿ ಬೇಳೆಯನ್ನು ಬಹುಕಾಲ ತಿಂದವರಿಗೆ ಕಾಲು ಸೆಟೆದು ನಡೆಯಲಾಗದಂತೆ ಆಗುತ್ತಿತ್ತು. ಅದಕ್ಕೆ ಕಾರಣವಾದ ವಿಷವನ್ನು 1964ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾವ್, ಅಡಿಗ ಮತ್ತು ಶರ್ಮ ಅವರು ಬೇರ್ಪಡಿಸಿದರು. ಅದೂ ಪಟ್ಟಿಯಾಚೆಯ ಒಂದು ಅಮೈನೋ ಆಮ್ಲವೇ. ಇನ್ನು ಸಕ್ಕರೆ ಕಾಯಿಲೆಗೆ ಈಚೆಗೆ ಬಂದಿರುವ ಸೆಮಾಗ್ಲುಟೈಡ್ ಔಷಧದ ಸರದಲ್ಲಿ ಒಂದು ಸಹಜ ಮಣಿ ತೆಗೆದು ಪಟ್ಟಿಯಾಚೆಯ ಮಣಿಯನ್ನು ಕೂರಿಸಿದ್ದಾರೆ, ದೇಹದ ಕಿಣ್ವ ಅದನ್ನು ಬೇಗ ಕತ್ತರಿಸಬಾರದೆಂದು. ಒಂದೇ ಮಣಿ ಬದಲಾದರೂ ಔಷಧವೂ ಆಗಬಹುದು, ವಿಷವೂ ಆಗಬಹುದು.

ಕ್ಷಯದ ರೋಗಾಣುವಿನ ಮೇಲೆ

ಕ್ಷಯದ ರೋಗಾಣುವಿನಲ್ಲೂ ಈ ಪ್ರಯೋಗ ನಡೆದಿದೆ. 2010ರಲ್ಲಿ ಶುಲ್ಜ್ ಅವರ ತಂಡವೇ ಅದರ ಪ್ರೋಟೀನಿನೊಳಗೆ ಪಟ್ಟಿಯಾಚೆಯ ಅಮೈನೋ ಆಮ್ಲಗಳನ್ನು ಪೋಣಿಸಿ ತೋರಿಸಿತು.

2012ರಲ್ಲಿ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದವರು ಪ್ರೋಟೀನಿನ ಪಕ್ಕದ ಇನ್ನೊಂದು ಬಾಗಿಲು ತೆರೆದರು. ಅಮೈನೋ ಆಮ್ಲಗಳಿಗೆ ಎಡಗೈ-ಬಲಗೈಗಳಂತೆ ಎರಡು ರೂಪ. ನಮ್ಮ ಪ್ರೋಟೀನುಗಳು ಎಡಗೈ ರೂಪವನ್ನಷ್ಟೇ ಬಳಸುತ್ತವೆ. ಬ್ಯಾಕ್ಟೀರಿಯಾಗಳು ಮಾತ್ರ ತಮ್ಮ ಗೋಡೆ ಕಟ್ಟಲು ಬಲಗೈ ರೂಪವನ್ನೂ ಬಳಸುತ್ತವೆ. ಬಲಗೈ ಅಮೈನೋ ಆಮ್ಲಕ್ಕೆ ಹೊಳೆಯುವ ಬಣ್ಣ ಕಟ್ಟಿ ಕೊಟ್ಟರೆ, ಗೋಡೆ ಕಟ್ಟುತ್ತಿರುವ ಜೀವಂತ ಬ್ಯಾಕ್ಟೀರಿಯಾ ಅದನ್ನು ಇಟ್ಟಿಗೆಯಂತೆ ಬಳಸುತ್ತದೆ, ಹೊಸ ಗೋಡೆ ಎದ್ದಲ್ಲೆಲ್ಲ ಮಿನುಗು ಕಾಣುತ್ತದೆ. ಕ್ಷಯದ ರೋಗಾಣುವಿನ ಜಾತಿಯವು ತಮ್ಮ ಎರಡು ತುದಿಗಳಲ್ಲಿ ಬೆಳೆಯುವುದನ್ನು ಈ ವಿಧಾನದಿಂದ ಕಣ್ಣಾರೆ ನೋಡಬಹುದು. ಆರಮೈನ್ ಹಳೆಯ ಗೋಡೆಗೆ ಬಳಿದ ಸುಣ್ಣವಾದರೆ, ಇದು ಗಾರೆಯವನ ಕೈಯಲ್ಲಿರುವ ಹಸಿ ಇಟ್ಟಿಗೆ.

ವಿಶೇಷವೆಂದರೆ ಇದೇ ಮೋಸದಾಟದ ಒಂದು ಔಷಧ ಬಹಳ ವರ್ಷಗಳಿಂದ ನಮ್ಮ ಬಳಿ ಇದೆ. ಸೈಕ್ಲೋಸೆರೀನ್ ಬಲಗೈ ಅಲನೀನ್ ಎಂಬ ಇಟ್ಟಿಗೆಯನ್ನು ಹೋಲುತ್ತದೆ. ರೋಗಾಣುವಿನ ಕಿಣ್ವಗಳು ಅದನ್ನು ಹಿಡಿದು ಸಿಕ್ಕಿಕೊಳ್ಳುತ್ತವೆ, ಗೋಡೆಯ ಕೆಲಸ ನಿಲ್ಲುತ್ತದೆ. ಸಾಮಾನ್ಯ ಮಾತ್ರೆಗಳಿಗೆ ಬಗ್ಗದ ಕ್ಷಯದಲ್ಲಿ ಇದನ್ನು ಕೊಡುವುದುಂಟು. ಇದನ್ನು ತೆಗೆದುಕೊಳ್ಳುವವರಲ್ಲಿ ಮಂಕುತನ, ಗೊಂದಲ, ವಿಚಿತ್ರ ನಡತೆ ಕಂಡರೆ ಮನೆಯವರು ಕೂಡಲೇ ವೈದ್ಯರಿಗೆ ತಿಳಿಸಬೇಕು.

ಹಾಗಾದರೆ ಆಸ್ಪತ್ರೆಯಲ್ಲಿ ಏಕಿಲ್ಲ?

ಹೊಸ ಮಣಿ ಪೋಣಿಸಬೇಕಾದರೆ ಹೊಸ ಹಮಾಲಿ-ಮೇಸ್ತ್ರಿಯ ವಂಶವಾಹಿಗಳನ್ನು ರೋಗಾಣುವಿನೊಳಗೆ ಮೊದಲೇ ಸೇರಿಸಿರಬೇಕು. ರೋಗಿ ಉಗುಳಿ ತಂದ ಕಫದಲ್ಲಿ ಅದು ಆಗದ ಮಾತು. ಜೀವಂತ ಕ್ಷಯದ ರೋಗಾಣುವನ್ನು ಸಾಕಿ ಪ್ರಯೋಗಿಸಲು ಬಿಗಿ ಭದ್ರತೆಯ ಪ್ರಯೋಗಾಲಯವೂ ಬೇಕು. ಹಾಗಾಗಿ ಇದು ಸಂಶೋಧನೆಯ ಸಾಧನ, ರೋಗಿಯ ಪರೀಕ್ಷೆಯಲ್ಲ. ಮೈಯೊಳಗೆ ಮಿನುಗುವ ಅಮೈನೋ ಆಮ್ಲ ಬಿಟ್ಟು ಕ್ಷಯ ಪತ್ತೆ ಮಾಡುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಬೇಗ ಪತ್ತೆ ಮಾಡಲು ಇಂದು ಸಿಬಿನ್ಯಾಟ್ ಮತ್ತು ಟ್ರೂನ್ಯಾಟ್ ಯಂತ್ರಗಳಿವೆ. ಟ್ರೂನ್ಯಾಟ್ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಎರಡೂ ಪ್ರತಿದೀಪ್ತಿಯ ಬೆಳಕನ್ನೇ ಅಳೆದು ರೋಗಾಣುವಿನ ಡಿ.ಎನ್.ಎ. ಹಿಡಿಯುತ್ತವೆ. ಆದರೆ ಸತ್ತ ರೋಗಾಣುವಿನ ಡಿ.ಎನ್.ಎ. ಕೂಡ ಕೆಲಕಾಲ ಉಳಿಯುವುದರಿಂದ, ಚಿಕಿತ್ಸೆ ನಾಟುತ್ತಿದೆಯೇ ಎಂದು ತಿಳಿಯಲು ಇವು ಸಲ್ಲವು.

ಬದುಕಿದ್ದರೆ ಮಾತ್ರ ಬೆಳಗುವ ಪರೀಕ್ಷೆ ಇಲ್ಲವೇ ಇಲ್ಲವೆಂದಲ್ಲ. ಕಲ್ಚರ್ ಪ್ರಯೋಗಾಲಯದಲ್ಲಿ ಬಳಸುವ ಒಂದು ಬಗೆಯ ಕೊಳವೆಯ ತಳದಲ್ಲಿ ಪ್ರತಿದೀಪ್ತಿಯ ಪದಾರ್ಥ ಇರುತ್ತದೆ. ಕೊಳವೆಯಲ್ಲಿ ಆಮ್ಲಜನಕ ಇರುವತನಕ ಅದು ಮಂಕಾಗಿಯೇ ಇರುತ್ತದೆ. ಜೀವಂತ ರೋಗಾಣುಗಳು ಬೆಳೆದು ಆಮ್ಲಜನಕವನ್ನು ಉಸಿರಾಡಿ ಮುಗಿಸಿದಾಗ ಅದು ಬೆಳಗುತ್ತದೆ. ಸತ್ತವು ಉಸಿರಾಡಲಾರವು. ಇದಕ್ಕೆ ಬೇಕಾದದ್ದು ತಾಳ್ಮೆ. ಏನೂ ಇಲ್ಲ ಎಂದು ಹೇಳುವ ಮೊದಲು 42 ದಿನ ಕಾಯುತ್ತಾರೆ.

ಕುರುಗೋಡಿನ ಹುಡುಗಿ ಕಲಿಸಿದ ಪಾಠ

ಇಲ್ಲಿಯವರೆಗೆ ಮಿನುಗಿದ್ದೆಲ್ಲ ಜೀವಂತವಲ್ಲ ಎಂದೆ. ಇದರ ಮತ್ತೊಂದು ಮುಖವನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಕೆಲವು ವರ್ಷಗಳ ಹಿಂದೆ ಕುರುಗೋಡು ಕಡೆಯ ಒಬ್ಬ ಹುಡುಗಿ, ಆಗಷ್ಟೇ ಮದುವೆ ಗೊತ್ತಾಗಿದ್ದವಳು, ಎರಡು ತಿಂಗಳ ಚಿಕಿತ್ಸೆಯ ನಂತರ ಕಫದ ಚೀಟಿ ತಂದು ತೋರಿಸಿದಳು. ಗಾಜಿನಲ್ಲಿ ಒಂದು ಕಡ್ಡಿಯೂ ಮಿನುಗಿರಲಿಲ್ಲ. ನಾನು ಖುಷಿಯಿಂದ “ಎಲ್ಲ ಕ್ಲೀನ್ ಆಗಿದೆಯಮ್ಮ” ಎಂದೆ. ಅಂದು ದವಾಖಾನೆಯಲ್ಲಿ ರೋಗಿಗಳ ಗದ್ದಲ, ಮುಂದಿನ ಮಾತು ಹೇಳದೆ ಕಳಿಸಿದೆ. ಮನೆಯವರು ಕಾಯಿಲೆ ವಾಸಿಯಾಯಿತೆಂದು ತಿಳಿದರು. ಗಂಡಿನ ಕಡೆಯವರಿಗೆ ತಿಳಿಯಬಾರದೆಂದು ಮಾತ್ರೆಯ ಪೊಟ್ಟಣಗಳನ್ನೇ ಮನೆಯಿಂದ ಹೊರಹಾಕಿದರು. ವರ್ಷದೊಳಗೆ ಅವಳು ಜ್ವರ, ರಕ್ತಗೆಮ್ಮಿನೊಂದಿಗೆ ತವರಿಗೆ ಮರಳಿದಳು. ಮತ್ತೆ ಮೊದಲಿನಿಂದ ಪರೀಕ್ಷೆ, ಮತ್ತೆ ಮಾತ್ರೆ. ಇಂದು ಅವಳು ಆರೋಗ್ಯವಾಗಿದ್ದಾಳೆ, ಮಗುವೂ ಇದೆ. ಆದರೆ ಆ ಒಂದು ವರ್ಷವನ್ನು ಅವಳಿಗೆ ಯಾರೂ ಮರಳಿಸಲಾರರು. ಅಂದು ನಾನು ಇನ್ನೆರಡು ನಿಮಿಷ ಮಾತಾಡಬೇಕಿತ್ತು.

ಏನಾಗಿತ್ತೆಂದರೆ, ಕ್ಷಯದ ರೋಗಾಣುಗಳಲ್ಲಿ ಕೆಲವು ನಿದ್ರೆಗೆ ಜಾರುತ್ತವೆ. ಅವು ಗೋಡೆ ಕಟ್ಟುವುದೂ ಕಡಿಮೆ, ಪ್ರೋಟೀನು ಪೋಣಿಸುವುದೂ ಕಡಿಮೆ. ಕಫದಲ್ಲಿ ಎಣಿಕೆಗೆ ಸಿಗದಷ್ಟು ವಿರಳವಾಗಿ ಶ್ವಾಸಕೋಶದ ಮೂಲೆಯಲ್ಲಿ ಅಡಗಿರುತ್ತವೆ. ಗಾಜಿನ ಮೇಲೆ ಆರಮೈನ್ ಅವನ್ನು ತೋರಿಸಲಾರದು. ನಾನು ಮೇಲೆ ಹೊಗಳಿದ ಹೊಳೆಯುವ ಮಣಿಗಳಿದ್ದರೂ, ಪೋಣಿಸದವನ ಕೈಯಲ್ಲಿ ಮಣಿ ಕಾಣುವುದಾದರೂ ಹೇಗೆ? ಹೆಚ್ಚಿನ ಔಷಧಗಳು ಕೆಲಸದಲ್ಲಿ ತೊಡಗಿರುವ ರೋಗಾಣುವನ್ನು ಬೇಗ ಕೊಲ್ಲುತ್ತವೆ, ಮಲಗಿರುವುದನ್ನು ಕೊಲ್ಲಲು ಹೊತ್ತು ಹಿಡಿಯುತ್ತದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ ಕೊಡುವುದು ಇದೇ ಕಾರಣಕ್ಕೆ. ಮೊದಲ ಎರಡು ತಿಂಗಳು ಎಚ್ಚರವಿರುವ ಶತ್ರುವಿಗೆ, ಉಳಿದ ನಾಲ್ಕು ತಿಂಗಳು ಮಲಗಿರುವ ಶತ್ರುವಿಗೆ.

ನೆನಪಿಡಬೇಕಾದ ಮಾತುಗಳು

• ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.

• ಎರಡು ತಿಂಗಳ ನಂತರ ಕಫದಲ್ಲಿ ಇನ್ನೂ ಕಡ್ಡಿಗಳು ಮಿನುಗಿದರೆ ಮಾತ್ರೆ ನಿಲ್ಲಿಸಬೇಡಿ. ಅವು ಸತ್ತವೂ ಇರಬಹುದು, ಔಷಧಕ್ಕೆ ಬಗ್ಗದವೂ ಇರಬಹುದು. ಯಾವುದೆಂದು ತಿಳಿಯಲು ಕಲ್ಚರ್ ಮತ್ತು ಔಷಧ ನಿರೋಧದ ಪರೀಕ್ಷೆಗೆ ಮಾದರಿ ಕಳಿಸಲು ವೈದ್ಯರನ್ನು ಕೇಳಿ.

• ಏನೂ ಮಿನುಗದಿದ್ದರೂ ಮಾತ್ರೆ ನಿಲ್ಲಿಸಬೇಡಿ. ವೈದ್ಯರು ಹೇಳಿದ ಅವಧಿ ಮುಗಿಸಿ.

• ರಿಫಾಂಪಿಸಿನ್ ಮಾತ್ರೆಯಿಂದ ಮೂತ್ರ ಕಿತ್ತಳೆ-ಕೆಂಪಾಗುತ್ತದೆ. ಅದು ರಕ್ತವಲ್ಲ, ಹೆದರಬೇಡಿ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ತಕ್ಷಣ ವೈದ್ಯರನ್ನು ನೋಡಿ.

• ಮನೆಯ ಉಳಿದವರೂ, ಅದರಲ್ಲೂ ಚಿಕ್ಕ ಮಕ್ಕಳು, ತಪಾಸಣೆ ಮಾಡಿಸಿಕೊಳ್ಳಬೇಕು. ಕಾಯಿಲೆ ಇಲ್ಲದವರಿಗೂ ಮುನ್ನೆಚ್ಚರಿಕೆಯ ಮಾತ್ರೆ ಇದೆ.

• ಚಿಕಿತ್ಸೆಯ ಕಾಲದಲ್ಲಿ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನೆರವನ್ನು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿಗೆ ಏರಿಸಲಾಗಿದೆ. ಅದನ್ನು ಬೇಳೆ, ಮೊಟ್ಟೆ, ಶೇಂಗಾ, ಹಾಲಿಗೆ ಬಳಸಿ. ದುಬಾರಿ ಅಮೈನೋ ಆಮ್ಲದ ಪುಡಿ ಡಬ್ಬಿ ಬೇಕಿಲ್ಲ. ಊಟದ ಪ್ರೋಟೀನು ಅರಗಿದಾಗ ಸಿಗುವುದೂ ಅದೇ 20 ಮಣಿಗಳೇ.

ಸಿರುಗುಪ್ಪದ ಯಜಮಾನರ ಕಫವನ್ನು ಕಲ್ಚರ್‌ಗೆ ಕಳಿಸಿದ್ದಾಯಿತು. 42 ದಿನ ಕಾದರೂ ಕೊಳವೆ ಬೆಳಗಲಿಲ್ಲ. ಅಂದು ಗಾಜಿನ ಮೇಲೆ ಮಿನುಗಿದ್ದವು ಹೆಣಗಳೇ ಎಂದಾಯಿತು. ಮೊನ್ನೆ ಫಲಿತಾಂಶ ಕೇಳಲು ಬಂದವರು ನಕ್ಕು, “ಹಂಗಾದ್ರ ಗುಳಿಗಿ ಇನ್ನ ಸಾಕೇನ್ರೀ ಡಾಕ್ಟ್ರೇ?” ಎಂದರು.

ಈ ಸಲ ನಾನು ಅವಸರ ಮಾಡಲಿಲ್ಲ. ಅವರನ್ನೂ ಮಗನನ್ನೂ ಕೂರಿಸಿಕೊಂಡು ಕುರುಗೋಡಿನ ಹುಡುಗಿಯ ಕತೆ ಹೇಳಿದೆ. ಅವರು ಕೇಳಿಸಿಕೊಂಡು, ಮಾತ್ರೆಯ ಪೊಟ್ಟಣವನ್ನು ಅಂಗಿಯ ಒಳಜೇಬಿಗೆ ಸೇರಿಸಿ ಮೇಲೆ ಕೈಯಿಟ್ಟು ನೋಡಿಕೊಂಡು, ಸಿರುಗುಪ್ಪದ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.